ಬಿತ್ತುವ ಮೊದಲು ಬೀಜಕ್ಕೆ ಒಂದಿಷ್ಟು ಉಪಚಾರ

ಹಾಗಲ ಬೀಜ ಹಾಕಿ ಎರಡು ವಾರವಾಯಿತು, ಮೊಳಕೆಯೇ ಇಲ್ಲ ಅಂತ ಪುಣೆಯ ನಮ್ಮ ಕನ್ನಡದವರು ತುಂಬ ಜನ ಕೇಳುತ್ತಾರೆ. ಅದರ ಸಿಪ್ಪೆ ಗಟ್ಟಿ, ಅಷ್ಟೇ. ಒಳಗಿನ ಬಿಳಿ ತಿರುಳಿಗೆ ತಾಗದ ಹಾಗೆ ತುದಿಯನ್ನು ನೇಲ್ ಕಟರ್‌ನಿಂದ ಒಂಚೂರು ಕತ್ತರಿಸಿ, ರಾತ್ರಿಯಿಡೀ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಬೆಂಡೆಯನ್ನು ಸುಮ್ನೆ ನೆನೆಸಿದರೆ ಸಾಕು. ಕೊತ್ತಂಬರಿಯನ್ನು ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ. ಬೀನ್ಸ್ ಮಾತ್ರ ಜಾಸ್ತಿ ನೆನೆಸಬೇಡಿ, ಸಿಪ್ಪೆ ಒಡೆದು ಕೊಳೆಯುತ್ತದೆ.

ಆಮೇಲೆ ಬೀಜಾಮೃತ, ಅಂದರೆ ಬಿತ್ತುವ ಮೊದಲು ಬೀಜಕ್ಕೆ ಸವರುವ ಸಗಣಿ-ಗಂಜಲದ ದ್ರಾವಣ. ನೈಸರ್ಗಿಕ ಕೃಷಿಯ ಸುಭಾಷ್ ಪಾಳೇಕರ್ ಅವರ ಅಳತೆ ಹೊಲದ್ದು: 20 ಲೀಟರ್ ನೀರು, 5 ಕೆಜಿ ಸಗಣಿ, 5 ಲೀಟರ್ ಗಂಜಲ, 50 ಗ್ರಾಂ ಸುಣ್ಣ, ಒಂದು ಹಿಡಿ ಮಣ್ಣು. ನಮ್ಮ ನಾಲ್ಕು ಕುಂಡಕ್ಕೆ ಒಂದು ಲೋಟ ನೀರು, 50 ಗ್ರಾಂ ಸಗಣಿ, 50 ಮಿಲಿ ಗಂಜಲ, ಚಿಟಿಕೆ ಮಣ್ಣು ಸಾಕು, ಸುಣ್ಣವಂತೂ ಪಾನ್ ಅಂಗಡಿಯದೇ ಆಗುತ್ತದೆ, ಅದೂ ಬೆಂಕಿಕಡ್ಡಿ ತುದಿಯಷ್ಟು. ರಾತ್ರಿ ಕಲಸಿಟ್ಟು ಬೆಳಿಗ್ಗೆ ಬೀಜಕ್ಕೆ ಸವರಿ. ನೆರಳಲ್ಲೇ ಆರಿಸಿ, ಬಿಸಿಲಲ್ಲಿ ಬೇಡ.

ಫ್ಲ್ಯಾಟಿನಲ್ಲಿ ವಾಸನೆ ಅಂತ ಮನೆಯವರು ಗೊಣಗುತ್ತಾರೆ ಅಲ್ವಾ? ಹಾಗಾದರೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ತನ್ನಿ. ಒದ್ದೆ ಬೀಜದ ಮೇಲೆ ತೆಳ್ಳಗೆ ಹೊರಳಿಸಿದರೆ ಸಸಿ ಬುಡ ಕೊಳೆಯುವುದು ಕಡಿಮೆ. ನನಗಂತೂ ಇದೇ ಸಲೀಸು.

ಗುಲಾಬಿ, ನೀಲಿ ಬಣ್ಣ ಹಚ್ಚಿದ ಪ್ಯಾಕೆಟ್ ಬೀಜಕ್ಕೆ ಇದ್ಯಾವುದೂ ಬೇಡ. ಅದಕ್ಕೆ ಸಾಮಾನ್ಯವಾಗಿ ಶಿಲೀಂಧ್ರನಾಶಕ ಹಾಕಿರುತ್ತಾರೆ, ಮುಟ್ಟಿದ ಮೇಲೆ ಕೈ ತೊಳೆಯಿರಿ.

ಡಿಸೆಂಬರ್ ಚಳಿಯಲ್ಲಿ ಟೊಮೆಟೊ, ಮೆಣಸಿನಕಾಯಿ ಟ್ರೇ ಹೊರಗಿಡಬೇಡಿ. ಅವಕ್ಕೆ 25ರಿಂದ 30 ಡಿಗ್ರಿ ಬೆಚ್ಚಗಿರಬೇಕು, ಮೊಳಕೆ ಕಾಣುವವರೆಗೆ ಅಡುಗೆಮನೆಯಲ್ಲೇ ಇರಲಿ.