ಮಗುವಿನ ಕಡಲೆಬೀಜದ ಅಲರ್ಜಿ ಹೋಗಿದೆಯಾ ಅಂತ ತಿಳಿಯುವುದು ಹೇಗೆ?

ಮೊದಲೇ ಹೇಳಿಬಿಡುತ್ತೇನೆ, ಮನೆಯಲ್ಲಿ ಚೂರು ತಿನ್ನಿಸಿ ನೋಡಬೇಡಿ. ಹೋದ ಸಲ ತುಟಿ ಊದಿದ್ದು ಬಿಟ್ಟರೆ ಏನೂ ಆಗಲಿಲ್ಲ ಅಲ್ವಾ, ಈಗಂತೂ ಮಗು ದೊಡ್ಡದಾಗಿದೆ ಅಂತ ಅನ್ನಿಸುವುದು ಸಹಜ. ಆದರೆ ಮುಂದಿನ ಸಲವೂ ಅಷ್ಟರಲ್ಲೇ ಮುಗಿಯುತ್ತದೆ ಅಂತ ಯಾರೂ ಹೇಳಲಾರರು.

ಹಾಲು, ಮೊಟ್ಟೆಯ ಅಲರ್ಜಿ ಜಾಸ್ತಿ ಮಕ್ಕಳಿಗೆ ಬೆಳೆಯುತ್ತಾ ಹೋಗಿಬಿಡುತ್ತದೆ. ಕಡಲೆಬೀಜದ್ದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಆಸ್ಟ್ರೇಲಿಯಾದ ಹೆಲ್ತ್‌ನಟ್ಸ್ ಅಧ್ಯಯನದಲ್ಲಿ 1 ವರ್ಷಕ್ಕೆ ಅಲರ್ಜಿ ಖಚಿತವಾಗಿದ್ದ ಮಕ್ಕಳಲ್ಲಿ 4ನೇ ವಯಸ್ಸಿಗೆ ಶೇ. 22, 6ನೇ ವಯಸ್ಸಿಗೆ ಶೇ. 29ರಷ್ಟು ಮಕ್ಕಳಿಗೆ ಅದು ಹೋಗಿತ್ತು. ಆಸೆ ಬಿಡುವಷ್ಟು ಕಡಿಮೆಯಲ್ಲ, ಸುಮ್ನೆ ನಂಬಿ ಕೂರುವಷ್ಟು ಜಾಸ್ತಿಯೂ ಅಲ್ಲ. ಅದಕ್ಕೇ ಅಲರ್ಜಿ ವೈದ್ಯರ ಹತ್ತಿರ ಆಗಾಗ ಮತ್ತೆ ಪರೀಕ್ಷೆ ಮಾಡಿಸಬೇಕು.

ಚರ್ಮದ ಪರೀಕ್ಷೆಯಲ್ಲಿ ಕೈ ಮೇಲೆ ಕಡಲೆಬೀಜದ ಸಾರದ ಒಂದು ಹನಿ ಹಾಕಿ ಮೆಲ್ಲಗೆ ಚುಚ್ಚುತ್ತಾರೆ. ಸುಮಾರು 15 ನಿಮಿಷಕ್ಕೆ ಸೊಳ್ಳೆ ಕಚ್ಚಿದ ಹಾಗೆ ದದ್ದು ಎದ್ದರೆ ಅದನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ಆ ಅಳತೆಯನ್ನೂ ರಕ್ತಪರೀಕ್ಷೆಯ ಐಜಿಇ (ಅಲರ್ಜಿ ಇದ್ದಾಗ ದೇಹ ತಯಾರಿಸುವ ಪ್ರತಿಕಾಯ) ಅಂಕಿಯನ್ನೂ ತಾರೀಖಿನ ಜೊತೆ ಒಂದೇ ಪುಸ್ತಕದಲ್ಲಿ ಬರೆದಿಡಿ, ಯಾಕೆಂದರೆ ಒಂದು ಸಲದ ಅಂಕಿಗಿಂತ ಅದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯಾ ಅನ್ನುವುದೇ ಮುಖ್ಯ. ಇನ್ನೊಂದು ಮಾತು, ದದ್ದು ದೊಡ್ಡದಾದರೆ ಅಲರ್ಜಿ ಇರುವ ಸಾಧ್ಯತೆ ಜಾಸ್ತಿ ಅಂತ ಅಷ್ಟೇ, ರಿಯಾಕ್ಷನ್ ಎಷ್ಟು ಜೋರಾಗಿರುತ್ತದೆ ಅಂತ ಅದು ಹೇಳುವುದಿಲ್ಲ.

ಅಂಕಿ ಚೆನ್ನಾಗಿ ಇಳಿದಿದ್ದರೆ ಆಸ್ಪತ್ರೆಯಲ್ಲೇ ತಿನ್ನಿಸಿ ನೋಡುತ್ತಾರೆ. ಖಚಿತ ಉತ್ತರ ಸಿಗುವುದು ಇಲ್ಲೇ. ತೀರಾ ಸಣ್ಣ ಪ್ರಮಾಣದಿಂದ ಶುರು ಮಾಡಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ, ಆಮೇಲೂ ಕೆಲವು ಗಂಟೆ ಕೂರಿಸಿಕೊಂಡು ನೋಡುತ್ತಾರೆ. ಅವತ್ತು ಮಗುವಿಗೆ ಜ್ವರ, ಉಬ್ಬಸ ಇದ್ದರೆ ದಿನ ಮುಂದಕ್ಕೆ ಹಾಕಿಸಿ. ಅಲರ್ಜಿ ಮಾತ್ರೆಯನ್ನು ಎಷ್ಟು ದಿನ ಮೊದಲು ನಿಲ್ಲಿಸಬೇಕು ಅಂತ ಕೇಳಿಕೊಳ್ಳಿ. ಮಗುವಿಗೆ ಇಷ್ಟವಾದ ಆಟಿಕೆ ತಗೊಂಡು ಹೋಗಿ, ಕಾಯುವುದು ದೊಡ್ಡವರಿಗೇ ಕಷ್ಟ.

ಪಾಸಾಗಲಿಲ್ಲವಾ? ಬೇಜಾರಾಗುತ್ತದೆ, ಆದರೆ ಬಾಗಿಲು ಮುಚ್ಚಿಲ್ಲ. ವೈದ್ಯರ ನಿಗಾದಲ್ಲಿ ದಿನಾ ಸ್ವಲ್ಪ ಸ್ವಲ್ಪ ಕೊಟ್ಟು ಒಗ್ಗಿಸುವ ಚಿಕಿತ್ಸೆಯ ಬಗ್ಗೆ ಕೇಳಿ. ಅಮೆರಿಕದಲ್ಲಿ 2024ರಲ್ಲಿ 1 ವರ್ಷದ ಮಕ್ಕಳಿಗೂ ಅಂಥ ಒಂದು ಔಷಧಿಗೆ ಒಪ್ಪಿಗೆ ಸಿಕ್ಕಿತ್ತು. ಜೋರು ರಿಯಾಕ್ಷನ್ ಆದಾಗ ತಕ್ಷಣ ಕೊಡುವ ಅಡ್ರಿನಲಿನ್ ಇಂಜೆಕ್ಷನ್ ಮಾತ್ರ ಯಾವಾಗಲೂ ಕೈಗೆ ಸಿಗುವಂತಿರಲಿ.

ಪಾಸಾದರೆ ಕಡಲೆಬೀಜವನ್ನು ಮರೆತುಬಿಡಬೇಡಿ. ತಿನ್ನುವುದು ಬಿಟ್ಟ ಕೆಲವು ಮಕ್ಕಳಿಗೆ ಅಲರ್ಜಿ ವಾಪಸ್ ಬಂದಿದ್ದಿದೆ. ಎಷ್ಟು, ವಾರಕ್ಕೆ ಎಷ್ಟು ಸಲ ಅಂತ ಅವತ್ತೇ ವೈದ್ಯರಿಂದ ಬರೆಸಿಕೊಳ್ಳಿ. ಚಿಕ್ಕ ಮಕ್ಕಳಿಗೆ ಇಡೀ ಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ನುಣ್ಣಗೆ ಅರೆದು ತೆಳ್ಳಗೆ ಮಾಡಿ ಕೊಡಿ.