ಹಳೆಯ ಸ್ನೋಮೊಬೈಲಿನ ಎಂಜಿನ್ ಸರಿಪಡಿಸಿದ ನನ್ನ ಅನುಭವ

ಅಮೆರಿಕದ ಉತ್ತರ ಮಿನ್ನೆಸೋಟದಲ್ಲಿ ನಾನು ಕೊಂಡ, ಯಾರೋ ನುರಿತವರು ಹಲವು ಗಾಡಿಗಳ ಭಾಗಗಳನ್ನು ಕೂಡಿಸಿ ಕೈಯಾರೆ ಕಟ್ಟಿದ್ದ ಸ್ನೋಮೊಬೈಲಿನ (ಹಿಮದ ಮೇಲೆ ಓಡುವ ಗಾಡಿ) ಎಂಜಿನ್, ಇಂಧನ ಮತ್ತು ಗಾಳಿಯನ್ನು ಬೆರೆಸುವ ಕಾರ್ಬ್ಯುರೇಟರನ್ನು ಶುಚಿಗೊಳಿಸಿದ ಮೇಲೂ ಗಾಡಿ ನಿಂತಿದ್ದಾಗ ತಾನಾಗಿ ವೇಗ ಏರಿಸಿಕೊಳ್ಳುತ್ತಿತ್ತು. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇಂಧನದ ಮಿಶ್ರಣವು ಕ್ರ್ಯಾಂಕ್‌ಕೇಸಿನ (ಎಂಜಿನ್ನಿನ ಕೆಳಭಾಗದ ಪೆಟ್ಟಿಗೆ) ಮೂಲಕವೇ ಸಿಲಿಂಡರಿಗೆ ಹೋಗುವುದರಿಂದ, ಅದರೊಳಗೆ ತಿರುಗುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಸೀಲು (ಗಾಳಿ ನುಗ್ಗದಂತೆ ತಡೆಯುವ ಬಳೆ) ಒಣಗಿ ಬಿರಿದರೆ ಹೊರಗಿನ ಗಾಳಿ ಒಳಸೇರಿ ಮಿಶ್ರಣದಲ್ಲಿ ಇಂಧನದ ಪಾಲು ಕಡಿಮೆಯಾಗುತ್ತದೆ, ಎಂಜಿನ್ ತಾನಾಗಿ ವೇಗ ಏರಿಸಿಕೊಳ್ಳುತ್ತದೆ. ಹಾಗೆಯೇ ಓಡಿಸಿದರೆ ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಳ್ಳಬಹುದು. ಸೋರಿಕೆ ಹುಡುಕಲು, ಮಿಶ್ರಣ ಒಳಬರುವ ಇನ್‌ಟೇಕ್ ಮತ್ತು ಹೊಗೆ ಹೊರಹೋಗುವ ಎಕ್ಸಾಸ್ಟ್ ದ್ವಾರಗಳನ್ನು ಮುಚ್ಚಿ, ಎಂಜಿನ್ನಿನೊಳಗೆ ಸುಮಾರು 6 ಪಿಎಸ್‌ಐ (ಒತ್ತಡದ ಅಳತೆ) ಒತ್ತಡದ ಗಾಳಿ ತುಂಬಿ, ಸಾಬೂನು ನೀರು ಸವರಿದಾಗ ಕ್ಲಚ್ ಬದಿಯ ಸೀಲಿನ ಅಂಚಿನಲ್ಲಿ ಸಣ್ಣ ಗುಳ್ಳೆಗಳು ಸಾಲಾಗಿ ಎದ್ದವು. ಎಂಜಿನ್ ಇಳಿಸಿದ ಮೇಲೆ ಎರಡೂ ಬದಿಯ ಸೀಲುಗಳನ್ನು ಬದಲಿಸುವುದೇ ಜಾಣತನವೆಂದು ಹಾಗೆಯೇ ಮಾಡಿದೆ. ಈಗ ಅದು ಚಳಿಯಲ್ಲೂ ಸ್ಥಿರವಾಗಿ ಓಡುತ್ತದೆ, ಆ ಸದ್ದು ಕೇಳುವುದೇ ನನಗೆ ಹಿಗ್ಗು. ಆದರೆ ಬರಿಯ ಮಂಜುಗಡ್ಡೆಯ ಮೇಲೆ ಹೆಚ್ಚು ಹೊತ್ತು ಓಡಿಸುವುದಿಲ್ಲ, ಏಕೆಂದರೆ ಗಾಡಿಯನ್ನು ಮುಂದೆ ನೂಕುವ ಸುತ್ತುಪಟ್ಟಿಯಾದ ಟ್ರ್ಯಾಕಿನೊಳಗಿನ ಪ್ಲಾಸ್ಟಿಕ್ ಪಟ್ಟಿಗಳು ಸವೆಯದಂತೆ ತಂಪಾಗಿಡಲು ಸಡಿಲ ಹಿಮವೇ ಬೇಕು.