ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದ ಕಂಪ್ಯೂಟರ್: ಕಾರಣ ಹುಡುಕಿದ ಬಗೆ

ಮಂಡ್ಯದ ನಮ್ಮ ಮನೆಯ ಡೆಸ್ಕ್‌ಟಾಪ್ ಹೋದ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಆಫ್ ಆಗಿ, ತಾನೇ ಮತ್ತೆ ಆನ್ ಆಗುತ್ತಿತ್ತು. ಮಗಳು ಸಿಇಟಿಗೆ ಓದುತ್ತಿದ್ದ ಸಮಯ. ಪೇಟೆಯ ಅಂಗಡಿಯೊಂದರಲ್ಲಿ ಕೇಳಿದೆ. "ಫಾರ್ಮ್ಯಾಟ್ ಮಾಡಿ ನೋಡೋಣ ಸಾರ್, ಆಗ್ಲಿಲ್ಲ ಅಂದ್ರೆ ಬೋರ್ಡ್ ಚೇಂಜ್ ಮಾಡ್ಬೇಕು" ಅಂದರು. ಕಾರಣ ಗೊತ್ತಾಗದೆ ಸುಮ್ನೆ ಫಾರ್ಮ್ಯಾಟ್ ಮಾಡಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಅವಳ ನೋಟ್ಸ್ ಎಲ್ಲ ಅದರಲ್ಲೇ ಇತ್ತು. ಅವನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ನಾನೇ ನೋಡಲು ಕೂತೆ.

ದೊಡ್ಡ ತಪ್ಪೇನಾದರೂ ಆದರೆ ಅದನ್ನು ತಿಳಿಸುವ ನೀಲಿ ಪರದೆ ಬರುತ್ತದೆ. ಅದು ಬಂದಾಗ ವಿಂಡೋಸ್ ತಾನೇ ರೀಸ್ಟಾರ್ಟ್ ಮಾಡಿಬಿಡುತ್ತದೆ, ನಮಗೆ ಏನೂ ಕಾಣುವುದಿಲ್ಲ. ಹಾಗಾಗಿ ಸ್ಟಾರ್ಟಪ್ ಅಂಡ್ ರಿಕವರಿ ಸೆಟ್ಟಿಂಗ್ಸ್‌ಗೆ ಹೋಗಿ 'ಆಟೊಮ್ಯಾಟಿಕಲಿ ರೀಸ್ಟಾರ್ಟ್' ಎಂಬಲ್ಲಿದ್ದ ಟಿಕ್ ತೆಗೆದೆ. ಆಮೇಲೂ ನೀಲಿ ಪರದೆ ಬರಲಿಲ್ಲ, ಫಕ್ಕನೆ ಕತ್ತಲೆ. ವಿಂಡೋಸ್ ತನ್ನ ಆಗುಹೋಗುಗಳನ್ನು ಬರೆದಿಡುವ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂಬ ದಾಖಲೆ ಇತ್ತು, ಅದರೊಳಗೆ ತಪ್ಪು ಯಾವುದೆಂದು ಹೇಳುವ ಬಗ್‌ಚೆಕ್ ಕೋಡ್ 0. 41 ಅಂದರೆ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ, ಅಷ್ಟೇ. ಕಾರಣವನ್ನು ಅದು ಹೇಳುವುದಿಲ್ಲ. ಆದರೆ ಜೊತೆಗೆ ಸೊನ್ನೆ ಇದ್ದರೆ ವಿಂಡೋಸ್‌ಗೆ ತಪ್ಪು ಬರೆದಿಡಲೂ ಪುರಸೊತ್ತು ಸಿಕ್ಕಿಲ್ಲ. ನನ್ನ ಗುಮಾನಿ ಕರೆಂಟಿನ ಕಡೆ ತಿರುಗಿತು.

ಬಿಸಿಯೂ ಕಾರಣ ಇರಬಹುದು ಅಲ್ವಾ? ಕ್ಯಾಬಿನೆಟ್ ಬಿಚ್ಚಿ, ಫ್ಯಾನ್ ತಿರುಗದಂತೆ ಹಿಡಿದುಕೊಂಡು ಬ್ರಷ್‌ನಿಂದ ಧೂಳು ತೆಗೆದೆ. ಪ್ರೊಸೆಸರಿನ ಬಿಸಿಯನ್ನು ಹೊರಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಿದೆ. ಪ್ರೊಸೆಸರ್ 60 ಡಿಗ್ರಿ ದಾಟಲಿಲ್ಲ, ಆದರೂ ರೀಸ್ಟಾರ್ಟ್ ನಿಲ್ಲಲಿಲ್ಲ. ರ‍್ಯಾಮ್ ತೆಗೆದು ಕಾಲುಗಳನ್ನು ರಬ್ಬರಿನಿಂದ ಉಜ್ಜಿ ಹಾಕಿದೆ, ಮೆಮೊರಿ ಟೆಸ್ಟ್‌ನಲ್ಲೂ ತಪ್ಪು ಬರಲಿಲ್ಲ. ಪವರ್ ಬಟನ್ ಒಳಗೇ ಸಿಕ್ಕಿಕೊಂಡಿದ್ದರೂ ಹೀಗಾಗುತ್ತದೆ. ಆನ್ ಆದ ಮೇಲೆ ಅದರ ವೈರನ್ನು ಬೋರ್ಡಿನಿಂದ ಕಿತ್ತು ನೋಡಿದೆ, ವ್ಯತ್ಯಾಸ ಕಾಣಲಿಲ್ಲ. ಪೆನ್‌ಡ್ರೈವ್‌ನಿಂದ ವಿಂಡೋಸ್ ಬದಲು ಉಬುಂಟು ಎಂಬ ಬೇರೆ ಆಪರೇಟಿಂಗ್ ಸಿಸ್ಟಂ ಓಡಿಸಿ ಕೆಲಸ ಕೊಟ್ಟಾಗಲೂ ಅದೇ ಕಥೆ. ವಿಂಡೋಸ್ ಇಲ್ಲದೆಯೂ ಆಗುತ್ತಿದೆ ಅಂದಮೇಲೆ ಫಾರ್ಮ್ಯಾಟ್ ಮಾತು ಅಲ್ಲಿಗೇ ಮುಗಿಯಿತು.

ಒಂದು ವಿಷಯ ಮಾತ್ರ ಪ್ರತಿ ಸಲ ಕಾಣುತ್ತಿತ್ತು. ಪಿಡಿಎಫ್ ಓದುವಾಗ ಗಂಟೆಗಟ್ಟಲೆ ಸುಮ್ಮನಿರುತ್ತಿತ್ತು, ಭಾರದ ಕೆಲಸ ಕೊಟ್ಟ ತಕ್ಷಣ ಹೋಗುತ್ತಿತ್ತು. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಮನೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಮ್ಮಿ ವೋಲ್ಟೇಜಿಗೆ ಇಳಿಸಿಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ಬರುವ ಬಿಡಿ ಪಿನ್ನಿನಲ್ಲಿ ಹಳದಿ ಮತ್ತು ಕಪ್ಪು ವೈರಿನ ನಡುವೆ ಅಳೆದೆ. ಹಳದಿಯಲ್ಲಿ 12 ವೋಲ್ಟ್ ಇರಬೇಕು, ಶೇ. 5ರಷ್ಟು ಹೆಚ್ಚುಕಮ್ಮಿ ಆಗಬಹುದು. ಅಂದರೆ 11.4ಕ್ಕಿಂತ ಕೆಳಗೆ ಇಳಿಯಬಾರದು. ಸುಮ್ಮನಿದ್ದಾಗ 11.9 ತೋರಿಸಿತು. ವಿಡಿಯೊ ಕನ್ವರ್ಟ್ ಮಾಡಲು ಹಾಕಿದೆ. ಅಂಕಿ ಜಾರುತ್ತಾ 11.3ಕ್ಕೆ ಬಂತು, ಪರದೆ ಕತ್ತಲಾಯಿತು. ಅದನ್ನು ಕಣ್ಣಾರೆ ನೋಡಿದಾಗ ಆದ ಸಮಾಧಾನ ಹೇಳತೀರದು.

ವೋಲ್ಟೇಜ್ ಸರಿಯಿದೆ ಅಂತ ಎಸ್‌ಎಂಪಿಎಸ್ ಮದರ್‌ಬೋರ್ಡಿಗೆ ಸದಾ ಒಂದು ಸಿಗ್ನಲ್ ಕೊಡುತ್ತಿರುತ್ತದೆ. ಅದು ತಪ್ಪಿದರೆ ಬೋರ್ಡ್ ಎಲ್ಲವನ್ನೂ ರೀಸೆಟ್ ಮಾಡುತ್ತದೆ. ಭಾರ ಇಳಿದರೆ ಸಿಗ್ನಲ್ ವಾಪಸ್, ಕಂಪ್ಯೂಟರ್ ಮತ್ತೆ ಶುರು.

ಹಾಗಂತ ಕೂಡಲೇ ಹೊಸದು ಕೊಳ್ಳಲಿಲ್ಲ. ಸ್ನೇಹಿತರ ಮನೆಯಿಂದ ಒಂದು ಎಸ್‌ಎಂಪಿಎಸ್ ತಂದು ಜೋಡಿಸಿದೆ. ಅದೇ ವಿಡಿಯೊ, ಅದೇ ಸಾಕೆಟ್. 12ರ ಹತ್ತಿರವೇ ನಿಂತಿತು, ಪೂರ್ತಿ ಕನ್ವರ್ಟ್ ಆಯಿತು. ಆಮೇಲೆ 450 ವ್ಯಾಟಿನ, ಕರೆಂಟು ಕಮ್ಮಿ ಪೋಲಾಗುತ್ತದೆ ಎಂದು ಹೇಳುವ 80 ಪ್ಲಸ್ ಗುರುತಿರುವ ಒಂದನ್ನು ತಂದು ಹಾಕಿದೆ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಎಸ್‌ಎಂಪಿಎಸ್ ಮೇಲೆ ಬರೆದಿರುವ ವ್ಯಾಟನ್ನು ನಾನಂತೂ ನಂಬುವುದಿಲ್ಲ.

ಹಳೆಯದರ ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದರೆ ಕರೆಂಟು ಹಿಡಿದಿಡುವ ಕೆಪಾಸಿಟರುಗಳಲ್ಲಿ ಎರಡು ತಲೆ ಉಬ್ಬಿದ್ದವು, ಅಂದರೆ ಕೆಟ್ಟಿದ್ದವು. ನೋಡುವುದು ಹೊರಗಿನಿಂದಲೇ ಸಾಕು, ದಯವಿಟ್ಟು ಆ ಪೆಟ್ಟಿಗೆ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಜಾಸ್ತಿ ಉಳಿದಿರಬಹುದು.